ಎಲ್ಲರೂ ಸಮ ಅಂತ ಶುರು ಮಾಡಿದ ಗುಂಪಲ್ಲಿ ‘ದೊಡ್ಡವರು’ ಹುಟ್ಟದ ಹಾಗೆ ನೋಡಿಕೊಳ್ಳೋದು ಹೇಗೆ?

ಹೊಸನಗರದ ಮಳೆ:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ನಮ್ಮ ಊರಿನ ಕೆಲವು ಮನೆಯವರು ಸೇರಿ ಅಡಿಕೆ ಸುಲಿಯುವ ಯಂತ್ರ ತಂದೆವು. ಜೊತೆಗೆ ಬೇಯಿಸಲು ಒಲೆ, ದೊಡ್ಡ ಹಂಡೆ, ಮೋಡ ಹಿಡಿದರೆ ಒಣಗಿಸಲು ಒಂದು ಡ್ರೈಯರ್. ಎಲ್ಲರೂ ಸಣ್ಣ ಹಿಡುವಳಿಯವರು. ಒಬ್ಬೊಬ್ಬರಿಗೆ ಇದೆಲ್ಲ ಕೈಗೆಟುಕುವ ಮಾತಲ್ಲ. ಶುರುವಲ್ಲೇ ಒಂದು ಮಾತಾಗಿತ್ತು. ಅಧ್ಯಕ್ಷ, ಕಾರ್ಯದರ್ಶಿ ಅಂತ ಯಾರೂ ಬೇಡ, ಏನಿದ್ದರೂ ಎಲ್ಲರೂ ಕೂತು ಮಾತಾಡಿ ತೀರ್ಮಾನ ಮಾಡುವುದು.

ಈಗ ನೋಡಿದರೆ ನಮ್ಮಲ್ಲೊಬ್ಬರು ದೊಡ್ಡವರಾಗಿಬಿಟ್ಟಿದ್ದಾರೆ. ಯಾರೂ ಮಾಡಿದ್ದಲ್ಲ, ಅವರಾಗಿ ಕೇಳಿದ್ದೂ ಅಲ್ಲ. ಶೆಡ್ಡಿನ ಬೀಗದ ಕೈ ಅವರ ಹತ್ತಿರ ಇದೆ. ಬ್ಯಾಂಕಿನ ಒಟಿಪಿ ಅವರ ಮೊಬೈಲಿಗೆ ಬರುತ್ತದೆ. ಯಂತ್ರ ನಿಂತರೆ ರಿಪೇರಿ ಗೊತ್ತಿರುವುದು ಅವರೊಬ್ಬರಿಗೇ. ಹಾಗಾಗಿ ಯಾರ ಅಡಿಕೆ ಮೊದಲು, ಯಾರದ್ದು ನಾಳೆ ಅನ್ನುವುದನ್ನೂ ಅವರೇ ಹೇಳುವಂತಾಗಿದೆ. ಶೆಡ್ಡಿನಲ್ಲಿ ಕೈ ಇರುವ ಕುರ್ಚಿ ಒಂದೇ ಇರುವುದು. ಅದರಲ್ಲಿ ಬೇರೆ ಯಾರೂ ಕೂರುವುದಿಲ್ಲ. ಕೂರಬೇಡಿ ಅಂತ ಯಾರೂ ಹೇಳಿಲ್ಲ, ಆದರೂ ಕೂರುವುದಿಲ್ಲ. ಹೋದ ಸಭೆಯಲ್ಲಿ ಒಬ್ಬ ಹುಡುಗ ಡೀಸೆಲ್ ಲೆಕ್ಕ ಕೇಳಿದ. ಎಲ್ಲರೂ ತಿರುಗಿ ಅವರ ಮುಖ ನೋಡಿದರು. ಅವರು ತಲೆ ಆಡಿಸಿದ ಮೇಲೆಯೇ ಮಾತು ಮುಂದೆ ಹೋಯಿತು.

ಮನುಷ್ಯ ಒಳ್ಳೆಯವರು. ಅದಕ್ಕೇ ಹೇಗೆ ಹೇಳುವುದು ಅಂತ ತಿಳಿಯುತ್ತಿಲ್ಲ. ಮೇಲು ಕೀಳು ಇಲ್ಲದೆ ಬದುಕುವ ಜನ ಜಗತ್ತಿನಲ್ಲಿ ಎಲ್ಲಾದರೂ ಇದ್ದಾರಾ? ಇದ್ದರೆ ಇಂಥದ್ದನ್ನು ಹೇಗೆ ನಿಭಾಯಿಸುತ್ತಾರೆ? ‘ಎಲ್ಲರೂ ಹೊಂದಿಕೊಂಡು ಹೋಗಿ’ ಅನ್ನುವ ಬುದ್ಧಿಮಾತು ಮಾತ್ರ ಬೇಡ, ಅದು ಮನೆಯಲ್ಲೇ ಸಾಕಷ್ಟು ಸಿಗುತ್ತದೆ.

ಸುಮ್ನೆ ಓದುವವ:

ಐದು ಬೆರಳು ಸಮ ಇರುತ್ತಾ ಮಾರಾಯ್ರೆ? ಕೆಲಸ ಗೊತ್ತಿರುವವರು ಮುಂದೆ ಇರುತ್ತಾರೆ, ಗೊತ್ತಿಲ್ಲದವರು ಹಿಂದೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ?

ಮೆಟ್ಟುಗತ್ತಿ:

ಬೆರಳು ಸಮ ಇಲ್ಲ, ಒಪ್ಪಿದೆ. ಆದರೆ ಹೆಬ್ಬೆರಳು ಉಳಿದ ನಾಲ್ಕರ ಹತ್ತಿರ ಗೇಣಿ ವಸೂಲಿ ಮಾಡುವುದನ್ನು ನಾನಂತೂ ನೋಡಿಲ್ಲ.

ಹಳೇ ಮೇಷ್ಟ್ರು, ಸಾಗರ:

ಗೇಣಿ ಮಾತು ಬಂತಲ್ಲ, ಹಾಗಾದರೆ ನಮ್ಮ ತಾಲ್ಲೂಕಿನ ಕತೆಯನ್ನೇ ಹೇಳುತ್ತೇನೆ. ಈಗಿನ ಹುಡುಗರಿಗೆ ಕಾಗೋಡು ಅಂದರೆ ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರು ಅಷ್ಟೇ.

1951ರ ಏಪ್ರಿಲ್‌ನಲ್ಲಿ ಅಲ್ಲಿ ಸತ್ಯಾಗ್ರಹ ಶುರುವಾಯಿತು. ಗೇಣಿ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರನ್ನು ಒಗ್ಗೂಡಿಸಿದವರಲ್ಲಿ ಎಚ್. ಗಣಪತಿಯಪ್ಪನವರು ಮುಖ್ಯರು. ಆಮೇಲೆ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಬಂದರು, ಅವರನ್ನು ಬಂಧಿಸಿದರು. ಮುಂದಿನ ವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನಾನು ಹೇಳಬೇಕೆಂದದ್ದು ಕೊಳಗದ ವಿಷಯ. ಜಗಳ ಹೊತ್ತಿಕೊಂಡದ್ದೇ ಅದರಿಂದ.

ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದಿರುತ್ತಿತ್ತು. ಇಷ್ಟು ಕೊಳಗ ಕೊಡಬೇಕು ಅಂತ ಮಾತು. ಆ ಲೆಕ್ಕ ವರ್ಷ ವರ್ಷ ಅದೇ. ಪಾತ್ರೆ ಮಾತ್ರ ಬೇರೆ. ರೈತ ಕಣದಲ್ಲಿ ನಿಂತು ನೋಡುತ್ತಿದ್ದ, ರಾಶಿ ಕರಗುತ್ತಿತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಮೊಣಕಾಲಿಂದ ಕೆಳಗೆ ಪಂಚೆ ಬಿಡುವಂತಿರಲಿಲ್ಲ ಎಂದೂ ಹಿರಿಯರು ಹೇಳುತ್ತಿದ್ದರು. ಹಾಗಾಗಿ ಸತ್ಯಾಗ್ರಹದಲ್ಲಿ ‘ಜಮೀನು ಕೊಡಿ’ ಅನ್ನುವುದಕ್ಕಿಂತ ಮೊದಲು ಬಂದದ್ದು ‘ಕೊಳಗ ಸರಿ ಇರಲಿ’ ಅನ್ನುವುದು.

ನಿಮ್ಮ ಶೆಡ್ಡಿನಲ್ಲಿ ಕೊಳಗ ಯಾವುದು ಅಂತ ಮೊದಲು ಹುಡುಕಿ. ನನಗೆ ಕಂಡ ಹಾಗೆ ಕೀಲಿಗಿಂತ ದೊಡ್ಡದು ಸರದಿ. ಮೋಡ ಕವಿದ ದಿನ ಯಾರ ಅಡಿಕೆ ಮೊದಲು ಡ್ರೈಯರಿಗೆ ಹೋಯಿತು ಅನ್ನುವುದರಲ್ಲಿ ಒಬ್ಬನ ವರ್ಷದ ದುಡ್ಡು ಇರುತ್ತದೆ. ಆ ಸರದಿ ಒಬ್ಬರ ಬಾಯಲ್ಲಿ ಇರಬಾರದು, ಗೋಡೆಯ ಮೇಲೆ ಇರಬೇಕು.

ಇನ್ನೊಂದು ಮಾತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ದೇವರಾಜ ಅರಸರ ಕಾಲ. ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ಜನ ಜಮೀನು ಮಾಡಿಕೊಂಡರು. ನಾನು ಪಾಠ ಹೇಳುತ್ತಿದ್ದ ಊರಿನಲ್ಲಿ ಒಬ್ಬರಿಗೆ ಹಾಗೆ ಜಮೀನು ಬಂತು. ಪಹಣಿಯಲ್ಲಿ ಹೆಸರು ಬಂತು. ಆದರೂ ಹಳೇ ಒಡೆಯರ ಮನೆಗೆ ಹೋದರೆ ಅವರು ಜಗುಲಿ ಹತ್ತುತ್ತಿರಲಿಲ್ಲ, ಅಂಗಳದಲ್ಲೇ ನಿಂತು ಮಾತಾಡಿ ಬರುತ್ತಿದ್ದರು. ಅವರ ಮಗ ಹತ್ತಿದ, ಕುರ್ಚಿ ಎಳೆದುಕೊಂಡು ಕೂತ. ಕಾನೂನಿಗೆ ಒಂದು ದಿನ ಸಾಕಾಯಿತು. ಜಗುಲಿಗೆ ಒಂದು ತಲೆಮಾರು ಬೇಕಾಯಿತು.

ಕಾಡುಹಾದಿ:

ಶಿವಮೊಗ್ಗದಲ್ಲಿ ಮಾನವಶಾಸ್ತ್ರದ ಪುಸ್ತಕ ಇಟ್ಟುಕೊಂಡು ಒದ್ದಾಡುತ್ತಿರುವವಳು ನಾನು. ‘ಜಗತ್ತಿನಲ್ಲಿ ಎಲ್ಲಾದರೂ ಇದ್ದಾರಾ’ ಅಂತ ಕೇಳಿದ್ದೀರಿ. ಇದ್ದಾರೆ. ಅವರು ಮಾಡುವುದು ಕೇಳಿದರೆ ನಗು ಬರಬಹುದು.

ಆಫ್ರಿಕಾದ ಕಲಹರಿಯಲ್ಲಿ ಜುಹ್ವಾನ್ಸಿ ಅನ್ನುವ ಬೇಟೆಗಾರ ಜನ. 1960ರ ದಶಕದಲ್ಲಿ ರಿಚರ್ಡ್ ಲೀ ಅನ್ನುವ ಸಂಶೋಧಕ ಅವರ ಜೊತೆ ಇದ್ದ. ಕ್ರಿಸ್‌ಮಸ್‌ಗೆ ಅಂತ ಕೊಬ್ಬಿದ ದೊಡ್ಡ ಎತ್ತೊಂದನ್ನು ಅವರಿಗಾಗಿ ಕೊಂಡ. ಜನ ಖುಷಿ ಪಡುತ್ತಾರೆ ಅಂದುಕೊಂಡಿದ್ದ. ಬಂದವರೆಲ್ಲ ‘ಇದೇನು ಎಲುಬಿನ ಗೂಡು ತಂದಿದ್ದೀಯ, ಇದನ್ನು ತಿಂದು ಹೊಟ್ಟೆ ತುಂಬುತ್ತಾ’ ಅಂತ ದಿನಗಟ್ಟಲೆ ಹಳಿದರು. ಅವನಿಗೆ ತಲೆಯೇ ಕೆಟ್ಟಿತು. ಕೊಯ್ದು ನೋಡಿದರೆ ಬೇಕಾದಷ್ಟು ಕೊಬ್ಬು! ಆಮೇಲೆ ತಿಳಿಯಿತು, ಅವರು ತಮ್ಮ ಬೇಟೆಗಾರರಿಗೂ ಹೀಗೇ ಮಾಡುತ್ತಾರೆ. ದೊಡ್ಡ ಬೇಟೆ ಹೊಡೆದವನು ಊರೆಲ್ಲ ಕೂಗಿಕೊಂಡು ಬರುವಂತಿಲ್ಲ. ಸುಮ್ಮನೆ ಬಂದು ಕೂರಬೇಕು. ಕೇಳಿದರೆ ‘ಏನೋ ಸಣ್ಣದು ಸಿಕ್ಕಿತು’ ಅನ್ನಬೇಕು. ಹೊತ್ತು ತರಲು ಹೋದವರು ‘ಇಷ್ಟಕ್ಕೆ ನಮ್ಮನ್ನು ಇಷ್ಟು ದೂರ ನಡೆಸಿದೆಯಾ’ ಅಂತ ಗೊಣಗಬೇಕು. ಹೊಗಳಿಕೆ ತಲೆಗೇರಿದ ಹುಡುಗ ನಾಳೆ ಯಜಮಾನ ಆಗುತ್ತಾನೆ, ಇಂದಲ್ಲ ನಾಳೆ ಯಾರನ್ನಾದರೂ ಕೊಲ್ಲುತ್ತಾನೆ ಅನ್ನುವುದು ಅವರ ಭಯ.

ನನಗೆ ಇದಕ್ಕಿಂತ ಇಷ್ಟವಾದದ್ದು ಬಾಣದ ನಿಯಮ. ಮಾಂಸ ಹಂಚುವ ಹಕ್ಕು ಹೊಡೆದವನದ್ದಲ್ಲ, ಬಾಣ ಯಾರದ್ದೋ ಅವರದ್ದು. ಬಾಣಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡು ಮಾಡುತ್ತಲೇ ಇರುತ್ತಾರೆ. ಹಾಗಾಗಿ ಬೇಟೆಗೆ ಹೋಗಲಾಗದ ಮುದುಕನ ಕೈಯಲ್ಲೂ ಒಂದು ದಿನ ಹಂಚುವ ಹಕ್ಕು ಬರುತ್ತದೆ. ಚೆನ್ನಾಗಿ ಹೊಡೆಯುವವನ ಕೈಚಳಕ ಅವನದ್ದೇ. ಅದರಿಂದ ಬರುವ ಅಧಿಕಾರ ಮಾತ್ರ ಅವನ ಹತ್ತಿರ ನಿಲ್ಲುವುದಿಲ್ಲ.

ಕ್ರಿಸ್ಟೋಫರ್ ಬೋಮ್ ಅನ್ನುವವರು ಇಂಥ ಸಮಾಜಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ ಒಂದು ಮಾತು ಹೇಳಿದರು. ಇವರಲ್ಲಿ ಯಜಮಾನಿಕೆ ಇಲ್ಲ ಅಂತಲ್ಲ, ಅದು ತಲೆಕೆಳಗಾಗಿದೆ. ಒಬ್ಬ ಎಲ್ಲರನ್ನೂ ತುಳಿಯುವ ಬದಲು ಎಲ್ಲರೂ ಸೇರಿ ಆ ಒಬ್ಬನನ್ನು ತಡೆಯುತ್ತಾರೆ. ಮೊದಲು ಹಿಂದಿನಿಂದ ಮಾತು, ಆಮೇಲೆ ಗೇಲಿ, ಆಮೇಲೆ ಅವನ ಮಾತು ಕೇಳಿಸದ ಹಾಗೆ ಇರುವುದು, ಅದಕ್ಕೂ ಬಗ್ಗದಿದ್ದರೆ ಅವನನ್ನು ಬಿಟ್ಟು ಗುಡಾರ ಕಿತ್ತುಕೊಂಡು ಹೋಗುವುದು. ತೀರಾ ಅತಿಯಾದರೆ ಕೊಲ್ಲುವುದೂ ಉಂಟು.

ಆದರೆ ಇದನ್ನು ನೇರ ಹೊಸನಗರಕ್ಕೆ ತರಲು ಆಗುವುದಿಲ್ಲ. ಜೇಮ್ಸ್ ವುಡ್‌ಬರ್ನ್ ತಾಂಜಾನಿಯಾದ ಹಡ್ಜಾ ಜನರನ್ನು ನೋಡಿ 1982ರಲ್ಲಿ ಬರೆದದ್ದು ಇದೇ. ಇವತ್ತು ತಂದು ಇವತ್ತೇ ತಿನ್ನುವವರಲ್ಲಿ ಸಮಾನತೆ ಉಳಿಯುತ್ತದೆ. ಕೂಡಿಡುವುದು ಶುರುವಾದ ಕೂಡಲೇ ಕಾಯುವವನು ಬೇಕು, ಲೆಕ್ಕ ಇಡುವವನು ಬೇಕು, ಯಾರಿಗೆ ಎಷ್ಟು ಅನ್ನುವವನು ಬೇಕು. ಅಡಿಕೆಗಿಂತ ಕೂಡಿಡುವ ಬೆಳೆ ಬೇರೆ ಯಾವುದಿದೆ ಹೇಳಿ? ಧಾರಣೆ ಏರಲಿ ಅಂತ ಮೂಟೆ ಕಟ್ಟಿ ಅಟ್ಟದಲ್ಲಿ ವರ್ಷಗಟ್ಟಲೆ ಇಡುತ್ತೇವೆ.

ಸುಮ್ನೆ ಓದುವವ:

ಅಂದರೆ ಅವರ ಯಂತ್ರ ರಿಪೇರಿಯನ್ನು ದಿನಾ ಹಳಿಯಬೇಕು ಅನ್ನುತ್ತೀರಾ? ಮರುದಿನವೇ ಪಾನಾ ಬಿಸಾಡಿ ಮನೆಗೆ ಹೋಗುತ್ತಾರೆ, ಆಮೇಲೆ ಎಲ್ಲರೂ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯಿರಿ.

ಮೆಟ್ಟುಗತ್ತಿ:

ನನ್ನನ್ನು ಯಾಕೆ ಎಳೆಯುತ್ತೀರಿ ಸ್ವಾಮಿ.

ತುಂಗೆ ದಂಡೆ:

ಗೇಲಿ ಮಾಡಿ ಸಮ ಮಾಡುವುದು ಕೇಳಲು ಚೆನ್ನಾಗಿದೆ. ಆದರೆ ನಮ್ಮ ಕಡೆ ಗೇಲಿ ಹರಿಯುವುದು ಮೇಲಿನಿಂದ ಕೆಳಕ್ಕೆ. ತೋಟದ ಯಜಮಾನರು ಕೆಲಸದವಳ ಮಾತಿನ ಧಾಟಿಯನ್ನು ಆಡಿಕೊಂಡು ನಗಬಹುದು. ಅವಳು ತಿರುಗಿ ನಕ್ಕರೆ ಮರುದಿನ ಕೆಲಸ ಇಲ್ಲ. ಕಲಹರಿಯವನಿಗೆ ಗುಡಾರ ಕಿತ್ತು ಬೇರೆ ಕಡೆ ಹೋಗುವ ದಾರಿ ಇತ್ತು. ಜಾಗ ಬಿಟ್ಟು ಹೋಗಲು ಆಗದವರಿಗೆ ನಗುವ ಧೈರ್ಯ ಎಲ್ಲಿಂದ ಬರುತ್ತದೆ?

ಮಳೆಯವರೇ, ನಿಮ್ಮ ಬರಹದಲ್ಲಿ ಒಂದು ಹುಡುಕಿದೆ, ಸಿಗಲಿಲ್ಲ. ‘ಕೆಲವು ಮನೆಯವರು’ ಅಂದಿರಿ. ಸಭೆಗೆ ಹೆಂಗಸರು ಬರುತ್ತಾರಾ? ಬಂದರೆ ಎಲ್ಲಿ ಕೂರುತ್ತಾರೆ? ಕಾಫಿ ಯಾರು ಮಾಡುತ್ತಾರೆ?

ತೀರ್ಥಹಳ್ಳಿ ಕಡೆಯ ನಮ್ಮ ಸ್ವಸಹಾಯ ಸಂಘದ ವಿಷಯ ಹೇಳುತ್ತೇನೆ. ಮೊದಲು ಪುಸ್ತಕ ಬರೆಯಲು ಬರುತ್ತಿದ್ದದ್ದು ಒಬ್ಬಳಿಗೇ. ಅವಳು ಹೇಳಿದವರಿಗೆ ಸಾಲ ಬೇಗ ಸಿಗುತ್ತಿತ್ತು. ಅವಳನ್ನು ಎದುರು ಹಾಕಿಕೊಂಡವರ ಅರ್ಜಿ ‘ಮುಂದಿನ ವಾರ ನೋಡೋಣ’. ದುಡ್ಡು ತಿಂದವಳಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಅವಳ ಮನೆ ಮುಂದೆ ಹಾದು ಹೋಗುವಾಗ ಎಲ್ಲರೂ ಒಂದು ನಗೆ ನಕ್ಕೇ ಹೋಗುತ್ತಿದ್ದೆವು.

ಆಮೇಲೆ ಒಂದು ನಿಯಮ ಮಾಡಿದೆವು. ಪುಸ್ತಕ ಪ್ರತಿ ಮೂರು ತಿಂಗಳಿಗೆ ಕೈ ಬದಲಾಗಬೇಕು. ಬರೆದವಳೇ ಮುಂದಿನವಳಿಗೆ ಕಲಿಸಿ ಕೊಡಬೇಕು. ಕಲಿಸುವುದು ಮುಗಿಯದೆ ಅವಳಿಗೆ ಬಿಡುಗಡೆ ಇಲ್ಲ. ಸಹಿ ಹಾಕುವುದು ಬಿಟ್ಟರೆ ಬೇರೇನೂ ಬರೆಯದ ಒಬ್ಬ ಅಕ್ಕನ ಸರದಿ ಬಂತು. ಅವರು ಬೇಡವೇ ಬೇಡ ಅಂದರು. ಬಿಡಲಿಲ್ಲ. ಅಂಗನವಾಡಿ ಕಟ್ಟೆ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಂಕಿ ಜೋರಾಗಿ ಓದಿದರು. ಅರ್ಧ ಗಂಟೆ ಹಿಡಿಯಿತು. ಬೇಸರವಾಗಿ ಒಬ್ಬಿಬ್ಬರು ಹೂ ಕಟ್ಟುತ್ತಾ ಕೂತರು. ಓದುತ್ತಾ ಓದುತ್ತಾ ‘ಇದು ಕೂಡುತ್ತಿಲ್ಲವಲ್ಲ’ ಅಂದರು. ನಿಜವಾಗಿಯೂ ಕೂಡುತ್ತಿರಲಿಲ್ಲ. ಹಿಂದಿನ ವರ್ಷದ ಒಂದು ಪುಟದಲ್ಲಿ ಬಡ್ಡಿ ಎರಡು ಸಲ ಬಿದ್ದಿತ್ತು. ಬರೆಯಲು ಚೆನ್ನಾಗಿ ಬರುತ್ತಿದ್ದವರು ಯಾರೂ ಅಷ್ಟು ನಿಧಾನವಾಗಿ ಓದಿಯೇ ಇರಲಿಲ್ಲ.

ಪಂಚಾಯತಿ ವಿಷಯದಲ್ಲೂ ಅಷ್ಟೇ. ಕರ್ನಾಟಕದ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ಶೇಕಡ 25 ಸೀಟು ಬಂತು. ದೇಶಕ್ಕೆಲ್ಲ ಮೂರರಲ್ಲಿ ಒಂದು ಅಂತ ಸಂವಿಧಾನಕ್ಕೆ ಸೇರಿದ್ದು 1992ರ ತಿದ್ದುಪಡಿಯಲ್ಲಿ. 2010ರಲ್ಲಿ ನಮ್ಮಲ್ಲಿ ಅರ್ಧ ಆಯಿತು. ‘ಅಧ್ಯಕ್ಷರ ಯಜಮಾನರು’ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುವುದು ಈಗಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡನೇ ಸಲ ಗೆದ್ದು ಬಂದ ಹೆಂಗಸಿನ ಮುಂದೆ ಆ ಯಜಮಾನರು ಅಷ್ಟು ಮಾತಾಡುವುದನ್ನು ನಾನು ನೋಡಿಲ್ಲ. ಸೀಟು ಕೊಟ್ಟ ಕೂಡಲೇ ಬದಲಾಗಲಿಲ್ಲ. ಸೀಟು ಇಲ್ಲದಿದ್ದರೆ ಬದಲಾಗುತ್ತಲೇ ಇರಲಿಲ್ಲ.

ಹೊಸನಗರದ ಮಳೆ:

ತುಂಗೆ ಅಕ್ಕ, ಉತ್ತರ ಹೇಳಿಬಿಡುತ್ತೇನೆ. ಬರುತ್ತಾರೆ, ಬಾಗಿಲ ಹತ್ತಿರ ಕೂರುತ್ತಾರೆ, ಕಾಫಿ ಅವರೇ ಮಾಡುತ್ತಾರೆ.

ಬಳ್ಳಿಗಾವಿ ಕಡೆಯವ:

ಕಲಹರಿವರೆಗೆ ಯಾಕೆ ಹೋಗಬೇಕು, ಶಿಕಾರಿಪುರ ತಾಲ್ಲೂಕು ಸಾಕಲ್ವಾ? ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. 12ನೇ ಶತಮಾನದಲ್ಲಿ ಮದ್ದಳೆ ಬಾರಿಸುತ್ತಿದ್ದವನು ಅನುಭವ ಮಂಟಪದ ಪೀಠದಲ್ಲಿ ಕೂತ, ಬಟ್ಟೆ ಬಿಟ್ಟು ಬಂದ ಹೆಂಗಸು ಅವನ ಎದುರು ನಿಂತು ಸರಿಸಮ ವಾದ ಮಾಡಿದಳು ಅಂತ ಪರಂಪರೆ ಹೇಳುತ್ತದೆ. ಅಲ್ಲಿ ಮಂತ್ರಿ ಬಸವಣ್ಣ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಲ್ಲ ಒಂದೇ ಸಾಲು. ಕಾಯಕ ಯಾವುದಾದರೂ ಕೀಳಲ್ಲ, ದುಡಿದದ್ದು ದಾಸೋಹಕ್ಕೆ.

ಮಾತಿನಲ್ಲಿ ಸಮ ಅನ್ನುವ ತನಕ ಅರಮನೆ ತಡೆದುಕೊಂಡಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು. ಊಟದ ಸಾಲು, ಮದುವೆ ಚಪ್ಪರ, ಈ ಎರಡು ಕಡೆ ಮುಟ್ಟಿದಾಗಲೇ ನಿಜ ಬಣ್ಣ ಹೊರಗೆ ಬರುವುದು.

ಆಮೇಲೆ ಏನಾಯಿತು ಅನ್ನುವುದೂ ಇದೆ. ಸೇರಿ ಬಂದವರ ಗುಂಪು ಹುಟ್ಟಿ ಬಂದವರ ಗುಂಪಾಯಿತು. ಜಾತಿ ಬಿಟ್ಟು ಬಂದವರ ಮೊಮ್ಮಕ್ಕಳಿಗೆ ಮತ್ತೆ ಒಳಪಂಗಡ, ಮತ್ತೆ ಮೇಲು ಕೀಳು. ಮಳೆಯವರ ಗುಂಪಿಗೂ ಇದೇ ಪ್ರಶ್ನೆ ಬರುತ್ತದೆ. ನಾಳೆ ನಿಮ್ಮ ಪಾಲು ಮಗನಿಗೆ ಹೋಗುತ್ತದಾ? ಊರಿಗೆ ಹೊಸದಾಗಿ ಬಂದವನು ಸೇರಬಹುದಾ? ಇದನ್ನು ಈಗಲೇ ಬರೆದಿಡಿ.

ನಿರ್ವಾಹಕರು:

ಇದರ ಕೆಳಗೆ ಮಠಗಳ ಬಗ್ಗೆ ಬಂದ ಕೆಲವು ಮಾತು ತೆಗೆದಿದ್ದೇವೆ. ವಿಷಯಕ್ಕೆ ಬನ್ನಿ.

ಸೊಸೈಟಿ ಗುಮಾಸ್ತ:

ಜೀವನವಿಡೀ ಸಹಕಾರ ಸಂಘದ ಪುಸ್ತಕ ಬರೆದವನು ನಾನು. ಯಾವ ಸಂಘ ಅಂತ ಕೇಳಬೇಡಿ.

ಸಹಕಾರದ ಮೂಲ ನಿಯಮ ಏನು? ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಗದಗ ಕಡೆಯ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಕಟ್ಟಿದ ನಾಡು ನಮ್ಮದು. ನೂರು ಎಕರೆ ತೋಟದವನಿಗೂ ಒಂದು ಮತ, ಅರ್ಧ ಎಕರೆಯವನಿಗೂ ಒಂದು. ನಿಯಮ ಚಿನ್ನದಂಥದ್ದು. ಆದರೂ ಎಷ್ಟೋ ಕಡೆ ಅಪ್ಪ ನಿರ್ದೇಶಕ, ಆಮೇಲೆ ಮಗ ನಿರ್ದೇಶಕ. ಮತ ಸಮ ಇದೆ, ಪುರುಸೊತ್ತು ಸಮ ಇಲ್ಲ. ಹಗಲು ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿ ಬಿಟ್ಟು ಬರುವವರು ಯಾರು? ವಾರ್ಷಿಕ ಸಭೆಯಲ್ಲಿ ವರದಿ ಓದುವುದಕ್ಕೂ ಊಟಕ್ಕೂ ನಡುವೆ ಐದು ನಿಮಿಷ ಇರುತ್ತದೆ. ಅಷ್ಟರಲ್ಲಿ ಪ್ರಶ್ನೆ ಕೇಳಿದವನನ್ನು ಹಸಿದವರೆಲ್ಲ ಕೆಕ್ಕರಿಸಿ ನೋಡುತ್ತಾರೆ.

ಆದರೂ ಅಧ್ಯಕ್ಷರೇ ಬೇಡ ಅನ್ನುವ ನಿಮ್ಮ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1970ರ ಸುಮಾರಿಗೆ ಹೆಂಗಸರ ಹೋರಾಟದ ಗುಂಪುಗಳು ಹೀಗೇ ನಾಯಕಿ ಬೇಡ ಅಂದವು. ಜೋ ಫ್ರೀಮನ್ ಅನ್ನುವವರು ಒಳಗಿನಿಂದಲೇ ನೋಡಿ ಬರೆದರು. ನಾಯಕಿ ಇಲ್ಲದ ಗುಂಪಿನಲ್ಲೂ ನಾಯಕಿ ಇರುತ್ತಾಳೆ, ಗೆಳತಿಯರ ಒಂದು ಸಣ್ಣ ಕೂಟ ಎಲ್ಲವನ್ನೂ ನಡೆಸುತ್ತದೆ. ವ್ಯತ್ಯಾಸ ಇಷ್ಟೇ, ಆರಿಸದ ನಾಯಕಿಯನ್ನು ಇಳಿಸಲು ಆಗುವುದಿಲ್ಲ. ನಿಮ್ಮ ಕೈ ಇರುವ ಕುರ್ಚಿಯವರ ಕತೆ ಇದೇ ಅಲ್ಲವಾ? ಅವರಿಗೆ ಹುದ್ದೆ ಇದ್ದಿದ್ದರೆ ಅವಧಿಯೂ ಇರುತ್ತಿತ್ತು. ಅವಧಿ ಮುಗಿದ ದಿನ ಹಾರ ಹಾಕಿ, ಕೀಲಿ ಇಸಿದುಕೊಂಡು, ಯಾರಿಗೂ ನೋವಾಗದ ಹಾಗೆ ಕಳಿಸಬಹುದಿತ್ತು. ಈಗ ಕೀಲಿ ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ.

ಹಾಗಾಗಿ ಹುದ್ದೆ ಮಾಡಿ, ಒಡೆದು ಮಾಡಿ. ಕೀಲಿ ಒಬ್ಬರಿಗೆ, ದುಡ್ಡು ಇನ್ನೊಬ್ಬರಿಗೆ, ಸರದಿ ಪಟ್ಟಿ ಮತ್ತೊಬ್ಬರಿಗೆ. ಖಾತೆಗೆ ಇಬ್ಬರ ಸಹಿ ಬೇಕು ಅಂತ ಠರಾವು ಬರೆದು ಬ್ಯಾಂಕಿಗೆ ಕೊಡಿ. ಚೆಕ್ಕು ನಿಧಾನ ಅನ್ನುತ್ತಾರೆ. ನಿಧಾನ ಆಗಲಿ ಅಂತಲೇ ಅದನ್ನು ಇಡುವುದು.

ಮೆಟ್ಟುಗತ್ತಿ:

ಆರಿಸುವುದಾದರೆ ಚೀಟಿ ಎತ್ತಿ ಆರಿಸಿ. ಚುನಾವಣೆ ಅಂದರೆ ಮಾತುಗಾರ ಗೆಲ್ಲುತ್ತಾನೆ. ಹಳೇ ಅಥೆನ್ಸಿನಲ್ಲಿ 500 ಜನರ ಸಭೆಯನ್ನು ಚೀಟಿಯಂಥ ಪದ್ಧತಿಯಲ್ಲೇ ಆರಿಸುತ್ತಿದ್ದರು, ಒಂದು ವರ್ಷಕ್ಕೆ. ಯಾರಾದರೂ ತೀರಾ ಬೆಳೆದರು ಅನ್ನಿಸಿದರೆ ಮಡಕೆ ಚೂರಿನ ಮೇಲೆ ಹೆಸರು ಗೀಚಿ ಹತ್ತು ವರ್ಷ ಊರ ಹೊರಗೆ ಕಳಿಸುತ್ತಿದ್ದರು. ತಪ್ಪು ಮಾಡಿರಬೇಕು ಅಂತಲೂ ಇರಲಿಲ್ಲ. ಆಸ್ತಿಗೆ ಧಕ್ಕೆ ಇಲ್ಲ, ಹೋಗಿ ಬಾ ಅಷ್ಟೇ.

ನಮ್ಮ ಪಕ್ಕದ ತಮಿಳುನಾಡಿನ ಉತ್ತರಮೇರೂರಿನಲ್ಲಿ ಪರಾಂತಕ ಚೋಳನ ಕಾಲದ, ಅಂದರೆ 10ನೇ ಶತಮಾನದ ಶಾಸನ ಇದೆ. 30 ಕೇರಿ. ತಾಳೆಗರಿಯ ಚೀಟಿ ಬರೆದು ಮಡಕೆಗೆ ಹಾಕುವುದು, ಸಣ್ಣ ಹುಡುಗನ ಕೈಯಲ್ಲಿ ಎತ್ತಿಸುವುದು. ಕಳೆದ ಮೂರು ವರ್ಷದಲ್ಲಿ ಸಮಿತಿಯಲ್ಲಿ ಇದ್ದವನ ಹೆಸರು ಮಡಕೆಗೆ ಬೀಳುವಂತಿಲ್ಲ. ಲೆಕ್ಕ ಒಪ್ಪಿಸದವನದ್ದೂ ಇಲ್ಲ, ಅವನ ನೆಂಟರದ್ದೂ ಇಲ್ಲ. ನೆಂಟರನ್ನೂ ಸೇರಿಸಿದ್ದಾರೆ ನೋಡಿ, ಊರು ಅಂದರೆ ಏನು ಅಂತ ಗೊತ್ತಿದ್ದವರು ಬರೆದದ್ದು.

ಹಳೇ ಮೇಷ್ಟ್ರು, ಸಾಗರ:

ಆ ಶಾಸನವನ್ನು ಪೂರ್ತಿ ಹೇಳಪ್ಪ. ಹೆಸರು ಮಡಕೆಗೆ ಬೀಳಬೇಕಾದರೆ ಸ್ವಂತ ಜಮೀನು ಬೇಕು, ಸ್ವಂತ ನಿವೇಶನದ ಮನೆ ಬೇಕು, ವೇದ ಓದಿರಬೇಕು. ಬ್ರಾಹ್ಮಣರ ಅಗ್ರಹಾರದ ಸಭೆ ಅದು. ಅಥೆನ್ಸಿನಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗ ಇರಲಿಲ್ಲ. ಮಡಕೆಯ ಒಳಗೆ ಎಲ್ಲರೂ ಸಮ. ಮಡಕೆ ಹತ್ತಿರ ಯಾರನ್ನು ಬಿಟ್ಟುಕೊಂಡರು ಅನ್ನುವುದನ್ನು ಮೊದಲು ಕೇಳಬೇಕು.

ಪಾನಾ ಹಿಡಿದವ:

ಯಾರೋ ಈ ಚರ್ಚೆಯ ಕೊಂಡಿ ಕಳಿಸಿದರು. ಹೊಸನಗರ, ಅಡಿಕೆ ಯಂತ್ರ, ಕೈ ಇರುವ ಕುರ್ಚಿ. ನಾನೇ ಆ ಕುರ್ಚಿಯವನು.

ಬೇಜಾರಿಲ್ಲ. ಆದರೆ ನನ್ನದೂ ಒಂದಿಷ್ಟು ಕೇಳಿ. ಕುರ್ಚಿ ನಮ್ಮ ಮನೆಯಿಂದ ತಂದದ್ದು, ಬೆನ್ನು ನೋವಿಗೆ. ಕೀಲಿ ನನ್ನ ಹತ್ತಿರ ಯಾಕೆ ಅಂದರೆ ನಮ್ಮ ಮನೆ ಶೆಡ್ಡಿಗೆ ಹತ್ತಿರ. ರಾತ್ರಿ ಹನ್ನೊಂದಕ್ಕೆ ಬೆಲ್ಟ್ ಹರಿಯುತ್ತದೆ. ಹಸಿ ಅಡಿಕೆ ಮೂಟೆ ಮೂಟೆ ಬಿದ್ದಿರುತ್ತದೆ, ಬೆಳಗ್ಗೆ ತನಕ ಇಟ್ಟರೆ ಬಣ್ಣ ಕೆಡುತ್ತದೆ. ಯಾರ ಫೋನಿಗೆ ಕರೆ ಬರುತ್ತದೆ? ಮೂರು ಫೇಸ್ ಕರೆಂಟ್ ಬರುವುದೇ ನಡುರಾತ್ರಿ. ಆಗ ಮೋಟರ್ ಹಾಕಲು ಏಳುವವರು ಯಾರು? ಮೊದಲ ವರ್ಷ ‘ಎಲ್ಲರೂ ರಿಪೇರಿ ಕಲಿಯೋಣ’ ಅಂತ ಮಾತಾಗಿತ್ತು. ಕಲಿಯಲು ಬಂದವರು ಒಬ್ಬರೂ ಇಲ್ಲ. ಗ್ರೀಸು ಕೈಗೆ ಅಂಟುತ್ತದೆ ನೋಡಿ.

ಸರದಿ ನಾನು ಹೇಳುತ್ತೇನೆ ಅನ್ನುವುದೂ ನಿಜ. ಗೋಡೆಯ ಮೇಲೆ ಬರೆದು ನೋಡಿದ್ದೇನೆ. ಇಬ್ಬರು ಬಂದು ‘ನಮ್ಮದು ಸ್ವಲ್ಪ ಮುಂದೆ ಹಾಕು ಮಾರಾಯ, ಮನೆಯಲ್ಲಿ ಮದುವೆ ಇದೆ’ ಅಂದರು. ನಾನು ಆಗದು ಅಂದರೆ ಕೆಟ್ಟವನು, ಆಯಿತು ಅಂದರೆ ದೊಡ್ಡವನು. ತಗೊಳ್ಳಿ ಕೀಲಿ, ಯಾರಿಗೆ ಬೇಕು?

ತುಂಗೆ ದಂಡೆ:

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಎಲ್ಲರೂ ಬೇಡ ಅಂದ ಕೆಲಸ ನಿಮ್ಮ ಮೇಲೆ ಬಿತ್ತು, ಅದರ ಜೊತೆ ಅಧಿಕಾರ ತಾನಾಗಿ ಬಂತು. ಆ ಕೆಲಸಕ್ಕೆ ಸಂಬಳ ಇದೆಯಾ?

ಪಾನಾ ಹಿಡಿದವ:

ಇಲ್ಲ. ಕೇಳಿಲ್ಲ, ಕೊಟ್ಟಿಲ್ಲ.

ಸೊಸೈಟಿ ಗುಮಾಸ್ತ:

ಅಲ್ಲೇ ಇರುವುದು ಗಂಟು. ದುಡ್ಡು ಕೊಡದಿದ್ದರೆ ಮರ್ಯಾದೆ ಕೊಟ್ಟು ತೀರಿಸುತ್ತೇವೆ. ಮರ್ಯಾದೆ ಲೆಕ್ಕಕ್ಕೆ ಸಿಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ರಾತ್ರಿ ಕೆಲಸಕ್ಕೆ ಇಷ್ಟು ಅಂತ ಕೂಲಿ ಕಟ್ಟಿ, ಪುಸ್ತಕದಲ್ಲಿ ಬರೆಯಿರಿ. ಸರದಿ ತಪ್ಪಿಸಿ ಅಂತ ಕೇಳುವವರಿಗೆ ಅವರು ಉತ್ತರ ಕೊಡುವ ಹಾಗಿರಬಾರದು. ಪಟ್ಟಿ ಬೇರೆಯವರ ಹತ್ತಿರ ಇರಲಿ, ಬದಲಾಯಿಸಬೇಕಾದರೆ ಇಬ್ಬರು ಒಪ್ಪಬೇಕು ಅಂತ ಇರಲಿ.

ಡಬ್ಬದ ಲೆಕ್ಕ:

ಎಲ್ಲ ಓದಿದೆ. ಕಲಹರಿ, ಅಥೆನ್ಸು, ಉತ್ತರಮೇರೂರು. ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ನಿಮ್ಮ ಶೆಡ್ಡಿಗೆ ಕೇಳುತ್ತೇನೆ. ಮಡಕೆ ಹತ್ತಿರ ಯಾರನ್ನು ಬಿಟ್ಟುಕೊಂಡಿದ್ದೀರಿ?

ನಮ್ಮಮ್ಮ ಅಡಿಕೆ ಸುಲಿದು ನನ್ನನ್ನು ಓದಿಸಿದರು. ಸಂಜೆ ಮೆಟ್ಟುಗತ್ತಿ ಮುಂದೆ ಕೂತರೆ ನಡುರಾತ್ರಿ ಏಳುವುದು. ಕೂಲಿ ಡಬ್ಬಕ್ಕೆ ಇಷ್ಟು ಅಂತ. ಕೆಲವು ಮನೆಯ ಡಬ್ಬ ಬಡಿದು ಬಡಿದು ಹೊಟ್ಟೆ ಉಬ್ಬಿರುತ್ತಿತ್ತು, ಅದರ ಮೇಲೆ ಗೋಪುರ ಬರುವ ತನಕ ತುಂಬಿಸಬೇಕಿತ್ತು. ಕಾಗೋಡಿನ ಕೊಳಗದ ವಿರುದ್ಧ ನಿಂತವರ ಮೊಮ್ಮಕ್ಕಳ ಮನೆಯಲ್ಲೂ ಅಂಥ ಡಬ್ಬ ಇತ್ತು. ಉಳುವವನಿಗೆ ಭೂಮಿ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮ ಕೇರಿಗೆ ಬರಲಿಲ್ಲ.

ಈಗ ನಿಮ್ಮ ಯಂತ್ರ ಬಂತು, ಸುಲಿಯುವ ಕೆಲಸ ಹೋಯಿತು. ಯಂತ್ರದಲ್ಲಿ ಸಿಪ್ಪೆ ಬಿಡದೆ ಉಳಿದದ್ದನ್ನು, ಒಡೆದದ್ದನ್ನು ಆರಿಸಲು ಹೆಂಗಸರು ಬರುತ್ತಾರೆ. ಅವರು ಗುಂಪಿನ ಸದಸ್ಯರಾ? ನಿಮ್ಮ ‘ಎಲ್ಲರೂ ಸಮ’ ಅನ್ನುವುದರಲ್ಲಿ ಅವರು ಇದ್ದಾರಾ?

ಕಾಡುಹಾದಿ:

ಇಸ್ರೇಲಿನಲ್ಲಿ ಎಲ್ಲರೂ ಸೇರಿ ದುಡಿದು ಬದುಕುವ ಕಿಬ್ಬುತ್ಸ್ ಅನ್ನುವ ಊರುಗಳಿಗೆ ಇದೇ ಪ್ರಶ್ನೆ ಬಂದಿತ್ತು. ಮೊದಲನೆಯದು 1910ರಲ್ಲಿ ಶುರುವಾದ ಡೆಗಾನಿಯಾ. ಆಸ್ತಿ ಎಲ್ಲರದ್ದು, ಊಟ ಒಟ್ಟಿಗೆ, ಪಾತ್ರೆ ತೊಳೆಯುವುದೂ ಸರದಿ. ಕೂಲಿಯವರನ್ನು ಇಟ್ಟುಕೊಳ್ಳಬಾರದು ಅನ್ನುವುದು ತತ್ವ, ಯಾಕೆಂದರೆ ಕೂಲಿ ಕೊಟ್ಟ ದಿನ ನಾವು ಧಣಿಗಳಾಗುತ್ತೇವೆ ಅಂತ. ಬೆಳೆ, ಕಾರ್ಖಾನೆ ದೊಡ್ಡದಾದ ಮೇಲೆ ಹೊರಗಿನವರನ್ನು ಕರೆದರು. ಒಳಗೆ ಸಮಾನತೆ, ಗೇಟಿನ ಹತ್ತಿರ ಕೂಲಿ. ಆ ವಾದ ಅವರಲ್ಲಿ ಬಹಳ ವರ್ಷ ನಡೆಯಿತು. ಈಗ ಹೆಚ್ಚಿನ ಕಡೆ ಸದಸ್ಯರ ಸಂಬಳದಲ್ಲೇ ಹೆಚ್ಚು ಕಡಿಮೆ ಬಂದಿದೆ.

ಸುಮ್ನೆ ಓದುವವ:

ಬಂಡವಾಳ ಹಾಕದವರನ್ನು ಸದಸ್ಯರು ಮಾಡಿದರೆ ಸಾಲ ಯಾರು ಕಟ್ಟುತ್ತಾರೆ? ಇದು ಜಗಳ ಮಾಡಲು ಕೇಳಿದ್ದಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಡಬ್ಬದ ಲೆಕ್ಕ:

ಸಾಲ ಹೊರಿ ಅನ್ನುತ್ತಿಲ್ಲ, ಪಾಲು ಕೊಡಿ ಅಂತಲೂ ಇವತ್ತೇ ಕೇಳುತ್ತಿಲ್ಲ. ಅವರ ಕೂಲಿ ಎಷ್ಟು, ಅಳತೆ ಯಾವುದು ಅಂತ ತೀರ್ಮಾನ ಮಾಡುವಾಗ ಅವರು ಅಲ್ಲಿರಬೇಕು. ಕೆ.ಜಿ. ಲೆಕ್ಕ ಇಡಿ, ತಕ್ಕಡಿ ಎಲ್ಲರಿಗೂ ಕಾಣುವ ಹಾಗೆ ಇಡಿ. ಅಷ್ಟಾದರೂ ಆಗುತ್ತದಲ್ಲ.

ಹೊಸನಗರದ ಮಳೆ:

ನಾನು ಕುರ್ಚಿ ಬಗ್ಗೆ ಕೇಳಲು ಬಂದವನು, ಮಾತು ಎಲ್ಲಿಗೋ ಹೋಯಿತು. ಸರದಿ ಪಟ್ಟಿ, ಎರಡು ಸಹಿ, ರಾತ್ರಿ ಕೂಲಿ, ಇಷ್ಟಕ್ಕೆ ನಮ್ಮವರು ಒಪ್ಪುತ್ತಾರೆ. ಆರಿಸುವವರನ್ನು ಸಭೆಗೆ ಸೇರಿಸುವುದಕ್ಕೆ ಎಲ್ಲರೂ ಒಪ್ಪುತ್ತಾರೆ ಅಂತ ನನಗೆ ಅನ್ನಿಸುತ್ತಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ ಇದೆ, ವಿಷಯ ಇಡುತ್ತೇನೆ.

ಡಬ್ಬದ ಲೆಕ್ಕ:

ವಿಷಯ ಇಡುವುದು ಅಂದರೆ? ಅವರನ್ನು ಕರೆಯುತ್ತೀರಾ, ಅಥವಾ ಅವರ ಬಗ್ಗೆ ನೀವೇ ಮಾತಾಡಿ ಆಮೇಲೆ ಹೇಳಿ ಕಳಿಸುತ್ತೀರಾ?

ಹೊಸನಗರದ ಮಳೆ:

ಕರೆಯುತ್ತೇನೆ. ಯಾರಾದರೂ ತಕರಾರು ಮಾಡಿದರೆ ಅವರ ಎದುರಿಗೇ ಮಾಡಲಿ.

ಪಾನಾ ಹಿಡಿದವ:

ಮೂರಕ್ಕೆ ಇಟ್ಟರೆ ಅವರು ಯಾರೂ ಬರುವುದಿಲ್ಲ. ಆ ಹೊತ್ತಿಗೆ ಬೇರೆ ಮನೆಯ ಅಂಗಳದಲ್ಲಿ ಅಡಿಕೆ ಹರಡುತ್ತಿರುತ್ತಾರೆ. ರಾತ್ರಿ ಏಳೂವರೆಗೆ ಇಡಿ. ಯಂತ್ರ ಅವತ್ತು ನಿಲ್ಲಿಸಿದರಾಯಿತು, ಮೊದಲ ಸರದಿ ನಮ್ಮ ಮನೆಯದ್ದೇ ಇದೆ.